ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮನೆಯ ಕಂಪ್ಯೂಟರು ಹೇಳದೆ ಕೇಳದೆ ನಿಂತುಹೋಗತೊಡಗಿದರೆ ನಮ್ಮಲ್ಲಿ ಸಿಗುವ ಮೊದಲ ಸಲಹೆ ಒಂದೇ: “ಫಾರ್ಮ್ಯಾಟ್ ಮಾಡಿಸಿಬಿಡಿ.” ಎರಡನೆಯ ಸಲಹೆ: “ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ.” ಈ ಎರಡೂ ಸಲಹೆಗಳಲ್ಲಿ ಒಂದು ಸಾಮ್ಯವಿದೆ. ಯಂತ್ರ ಏಕೆ ನಿಂತಿತು ಎಂಬ ಪ್ರಶ್ನೆಯನ್ನು ಇವೆರಡೂ ಕೇಳುವುದಿಲ್ಲ. ಕಾರಣವನ್ನು ಹುಡುಕದೆ ಮಾಡುವ ಚಿಕಿತ್ಸೆ ಚಿಕಿತ್ಸೆಯೇ ಅಲ್ಲ, ಕೆಲವೊಮ್ಮೆ ಅದು ರೋಗಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ ಎಂಬುದು ಈ ಬರಹದಲ್ಲಿ ನಾನು ಮಂಡಿಸಬಯಸುವ ಅಭಿಪ್ರಾಯ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಸಾಫ್ಟ್‌ವೇರ್ ಕ್ಷೇತ್ರದಲ್ಲಿದ್ದಾರೆ. ಅವರಿಗೆ ಇಲ್ಲಿನ ವಿಷಯ ಹೊಸತೇನೂ ಅಲ್ಲ. ಆದರೆ ಊರಿನಲ್ಲಿರುವ ಅವರ ತಂದೆತಾಯಿಯರಿಗೆ, ನಮ್ಮ ಬಂಧುವರ್ಗದ ಹಿರಿಯರಿಗೆ ಇದು ಉಪಯೋಗವಾದೀತೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಹಾನಿ ಎಂದೆನಲ್ಲ, ಅದು ಉತ್ಪ್ರೇಕ್ಷೆಯ ಮಾತಲ್ಲ. ನಮ್ಮ ಅಕ್ಕನ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. ಭಾವ ಬದುಕಿದ್ದಾಗ ಅದರಲ್ಲಿ ನುಡಿ ತಂತ್ರಾಂಶ ಬಳಸಿ ನಮ್ಮ ಎರಡೂ ಮನೆತನಗಳ ವಂಶಾವಳಿಯನ್ನು ಬಹಳ ವರ್ಷ ಕುಳಿತು ಟೈಪು ಮಾಡಿದ್ದರು. ಯಾರ ಮಗಳು ಯಾವ ಊರಿಗೆ ಹೋದಳು, ಯಾರು ಯಾವ ಪ್ಲೇಗಿನಲ್ಲಿ ತೀರಿಕೊಂಡರು ಎಂಬಷ್ಟು ವಿವರ ಅದರಲ್ಲಿತ್ತು. ಭಾವ ಹೋದ ಮೇಲೆ ಆ ಯಂತ್ರ ಎರಡು ಮೂರು ದಿನಕ್ಕೊಮ್ಮೆ ನೀಲಿ ಪರದೆ ತೋರಿಸಿ ತಾನಾಗಿಯೇ ರೀಸ್ಟಾರ್ಟ್ ಆಗಲು ಪ್ರಾರಂಭಿಸಿತು. ಅಕ್ಕ ಪೇಟೆಯ ಅಂಗಡಿಯೊಂದಕ್ಕೆ ಕಳುಹಿಸಿದಳು. “ವಿಂಡೋಸ್ ಕರಪ್ಟ್ ಆಗಿದೆ ಅಮ್ಮಾ, ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ. ಮುಖ್ಯವಾದದ್ದು ಏನಾದ್ರೂ ಇದೆಯಾ?” ಎಂದು ಹುಡುಗ ಕೇಳಿದನಂತೆ. “ನನಗೇನು ಗೊತ್ತಪ್ಪಾ, ಎಲ್ಲಾ ಅವರೇ ನೋಡ್ಕೋತಿದ್ರು. ನೀನು ಸರಿ ಮಾಡಿಕೊಡು” ಎಂದಳಂತೆ ಅಕ್ಕ. ಭಾವನ ಕಡತಗಳೆಲ್ಲ ಡೆಸ್ಕ್‌ಟಾಪಿನ ಮೇಲೆ, ಅಂದರೆ ಸಿ ಡ್ರೈವಿನಲ್ಲಿ, ಇದ್ದವು. ಸಿ ಡ್ರೈವ್ ಅಳಿಸಿತು, ಹೊಸ ವಿಂಡೋಸ್ ಅದರ ಮೇಲೆ ಕುಳಿತಿತು. ಯಂತ್ರ ಮನೆಗೆ ಬಂದ ಐದನೆಯ ದಿನ ಮತ್ತೆ ನೀಲಿ ಪರದೆ! ದೋಷ ವಿಂಡೋಸಿನಲ್ಲಿ ಇರಲೇ ಇಲ್ಲ. ಅಳಿಸಿದ್ದನ್ನು ಮರಳಿ ಪಡೆಯುವ ತಂತ್ರಾಂಶ ಹಾಕಿ ನೋಡಿದಾಗ ಕೆಲವು ಫೋಟೋಗಳು ಸಿಕ್ಕವು, ವಂಶಾವಳಿ ಸಿಗಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ತರಗತಿಯಲ್ಲಿ ನಗುತ್ತಾ ವಿವರಿಸುತ್ತಿದ್ದೆವು. ಇಲ್ಲಿ ನಗು ಬರುವುದಿಲ್ಲ.

ಅಂಗಡಿಯ ಹುಡುಗನನ್ನು ದೂರಿ ಪ್ರಯೋಜನವಿಲ್ಲ, ಅವನು ಕೇಳುವುದನ್ನಾದರೂ ಕೇಳಿದ್ದ. ಫಾರ್ಮ್ಯಾಟ್ ಮಾಡುವುದು ಎರಡು ಗಂಟೆಯ ಕೆಲಸ. ನಿಜವಾದ ಪರೀಕ್ಷೆಗೆ ಒಂದೆರಡು ವಾರ ಬೇಕು. ನಾವು ಗಿರಾಕಿಗಳು ಸಂಜೆಯೊಳಗೆ ಯಂತ್ರ ಕೈಗೆ ಬರಬೇಕೆನ್ನುತ್ತೇವೆ. ಎರಡು ವಾರದ ತಾಳ್ಮೆಗೆ ಹಣ ಕೊಡುವವರು ಯಾರು? ಆದ್ದರಿಂದ ಈ ಪರೀಕ್ಷೆಯ ಬಹುಭಾಗವನ್ನು ಮನೆಯಲ್ಲೇ, ಮನೆಯವರೇ ಮಾಡಬೇಕು. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಎಂಟನೆಯ ತರಗತಿಯ ವಿಜ್ಞಾನ ಸಾಕು.

ಮೊದಲನೆಯದು, ಕಡತಗಳ ಪ್ರತಿ. ಯಂತ್ರ ಮೊದಲ ಸಲ ತಾನಾಗಿಯೇ ನಿಂತ ದಿನವೇ, ಬೇರೇನನ್ನೂ ಮುಟ್ಟುವ ಮೊದಲು, ಮುಖ್ಯವಾದುದನ್ನೆಲ್ಲ ಪೆನ್ ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ನಕಲು ಮಾಡಿಕೊಳ್ಳಿ. ದೋಷ ಎಲ್ಲಿದೆಯೆಂದು ಇನ್ನೂ ತಿಳಿಯದಿರುವಾಗ ಅದು ಡಿಸ್ಕಿನಲ್ಲೇ ಇರಬಹುದೆಂದು ಭಾವಿಸುವುದು ವಿವೇಕ.

ಎರಡನೆಯದು, ಒಂದು ನೋಟ್ ಪುಸ್ತಕ. ನಾಲ್ಕು ಅಂಕಣ ಎಳೆಯಿರಿ. ದಿನ ಮತ್ತು ವೇಳೆ. ಆಗ ಏನು ಮಾಡುತ್ತಿದ್ದಿರಿ. ಪರದೆಯ ಮೇಲೆ ಏನು ಕಾಣಿಸಿತು. ಆಗ ಮನೆಯ ಕರೆಂಟು ಕಣ್ಣು ಮಿಟುಕಿಸಿತೇ? “ಸುಮ್ಮನೆ ಯಾವಾಗೆಂದರೆ ಆವಾಗ ನಿಲ್ಲುತ್ತದೆ” ಎಂದು ಹೇಳುವವರ ಬಳಿ ನಾನು ಇಂತಹ ಪುಸ್ತಕವನ್ನು ಕಂಡಿಲ್ಲ. ಬರೆದಿಟ್ಟರೆ ‘ಯಾವಾಗೆಂದರೆ ಆವಾಗ’ ಎಂಬುದರಲ್ಲಿಯೂ ಒಂದು ಕ್ರಮ ಕಾಣಿಸಿಕೊಳ್ಳುತ್ತದೆ. ಪ್ರಯೋಗ ದಾಖಲೆಯಲ್ಲಿ ‘ವೀಕ್ಷಣೆ’ ಬರೆಯದೆ ‘ತೀರ್ಮಾನ’ ಬರೆದವರಿಗೆ ನಾನು ಅಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ನೆನಪಿರಬಹುದು.

ಯಂತ್ರವೂ ತನ್ನದೇ ದಿನಚರಿ ಬರೆದುಕೊಳ್ಳುತ್ತದೆ. ವಿಂಡೋಸಿನ ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ರಿಲಯಬಿಲಿಟಿ ಹಿಸ್ಟರಿ ಎಂಬುದು ತೆರೆದುಕೊಂಡು, ಯಾವ ದಿನ ಏನು ಕೆಟ್ಟಿತೆಂಬುದನ್ನು ಕ್ಯಾಲೆಂಡರಿನಂತೆ ತೋರಿಸುತ್ತದೆ. 2007ರಲ್ಲಿ ವಿಸ್ತಾದೊಡನೆ ಬಂದ ಈ ಸೌಲಭ್ಯ ಇಂದಿಗೂ ಇದೆ. ಇದಕ್ಕಿಂತ ವಿವರವಾದದ್ದು ‘ಈವೆಂಟ್ ವ್ಯೂವರ್’. ಫಾರ್ಮ್ಯಾಟ್ ಮಾಡಿದಾಗ ಕಡತಗಳ ಜೊತೆ ಈ ದಿನಚರಿಯೂ ಹೋಗುತ್ತದೆ. ಕಳವಾದ ಮನೆಯನ್ನು ಪೋಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದಂತೆ!

ಮೂರನೆಯದು, ಸಾವಿನ ಬಗೆಯನ್ನು ಗುರುತಿಸುವುದು. ಕೆಲವು ಯಂತ್ರಗಳು ಮಾತಾಡಿ ಸಾಯುತ್ತವೆ, ಕೆಲವು ಮಾತಾಡದೆ ಸಾಯುತ್ತವೆ. ಮಾತಾಡಿ ಸಾಯುವುದೆಂದರೆ ನೀಲಿ ಪರದೆ. ವಿಂಡೋಸ್ 11ರಲ್ಲಿ 2025ರಿಂದ ಅದು ಕಪ್ಪು ಪರದೆಯಾಗಿದೆ. ಒಳಗೆ ಏನೋ ತಪ್ಪಿದುದನ್ನು ವಿಂಡೋಸ್ ತಾನೇ ಗಮನಿಸಿ, ಕಾರಣದ ಒಂದು ಸಂಕೇತವನ್ನು ಬರೆದಿಟ್ಟು ನಿಲ್ಲುತ್ತದೆ. ಮಾತಾಡದೆ ಸಾಯುವುದೆಂದರೆ ಸ್ವಿಚ್ ಆರಿಸಿದಂತೆ ಫಕ್ಕನೆ ಕತ್ತಲೆ. ಆಗ ವಿಂಡೋಸಿಗೆ ಬರೆಯಲು ಸಮಯವೇ ಇರುವುದಿಲ್ಲ. ಮರುದಿನ ಎದ್ದಾಗ “ಹಿಂದಿನ ಸಲ ನಾನು ಸರಿಯಾಗಿ ಮಲಗಿರಲಿಲ್ಲ” ಎಂಬ ಅರ್ಥದ ಒಂದು ಟಿಪ್ಪಣಿಯನ್ನಷ್ಟೇ ಬರೆಯುತ್ತದೆ. ಈವೆಂಟ್ ವ್ಯೂವರಿನಲ್ಲಿ ‘ಕರ್ನಲ್ ಪವರ್ 41’ ಎಂದು ಕಾಣುವುದು ಇದೇ. ಅದರ ವಿವರದಲ್ಲಿ ಸಂಕೇತದ ಜಾಗದಲ್ಲಿ ಸೊನ್ನೆ ಇದ್ದು, ಯಂತ್ರ ನಿಂತದ್ದೂ ಫಕ್ಕನೆ ಆಗಿದ್ದರೆ, ಮೊದಲು ವಿದ್ಯುತ್ತಿನ ದಾರಿಯನ್ನು ಅನುಮಾನಿಸಬೇಕು: ಗೋಡೆಯ ಸಾಕೆಟ್, ಸಡಿಲವಾದ ಪ್ಲಗ್, ಬ್ಯಾಟರಿ ಸತ್ತ ಯು.ಪಿ.ಎಸ್., ಕೊನೆಗೆ ಡಬ್ಬಿಯೊಳಗಿನ ಎಸ್.ಎಂ.ಪಿ.ಎಸ್. ಎಸ್.ಎಂ.ಪಿ.ಎಸ್. ಕೊಡುವ 12 ವೋಲ್ಟಿನ ತಂತಿಯಲ್ಲಿ ಶೇ. 5ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶವಿದೆ, ಅಂದರೆ 11.4ರಿಂದ 12.6ರವರೆಗೆ. ವಯಸ್ಸಾದ ಎಸ್.ಎಂ.ಪಿ.ಎಸ್. ಸುಮ್ಮನಿರುವಾಗ ಸರಿಯಾಗಿದ್ದು, ಭಾರ ಬಿದ್ದಾಗ ಈ ಗೆರೆ ದಾಟಬಲ್ಲುದು. ಅತಿಯಾದ ಬಿಸಿಯೂ ಇದೇ ಬಗೆಯ ಮೌನದ ಸಾವನ್ನು ತರುತ್ತದೆ. ಪ್ರೊಸೆಸರುಗಳು ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಮೊದಲು ನಿಧಾನವಾಗಿ, ಮತ್ತೂ ಏರಿದರೆ ತಮ್ಮನ್ನು ಉಳಿಸಿಕೊಳ್ಳಲು ಯಂತ್ರವನ್ನೇ ಆರಿಸುತ್ತವೆ. ಫ್ಯಾನಿಗೆ ಮೆತ್ತಿದ ಧೂಳನ್ನು ಬ್ರಷ್ಷಿನಿಂದ ತೆಗೆದರೆ ಎಷ್ಟೋ ಸಲ ಕಾಯಿಲೆಯೇ ಮಾಯ.

(ಒಂದು ಎಚ್ಚರಿಕೆ: ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಅದನ್ನು ಬದಲಿಸಿ ನೋಡಬೇಕೇ ಹೊರತು ರಿಪೇರಿ ಮಾಡಲು ಹೋಗಬಾರದು.)

ಮಾತಾಡಿ ಸಾಯುವ ಯಂತ್ರದ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಎಡವಿದ ಜಾಗವೊಂದು, ಬಿದ್ದ ಜಾಗ ಇನ್ನೊಂದು. ಪರದೆ ತೋರಿಸುವುದು ಬಿದ್ದ ಜಾಗವನ್ನು. ಇದಕ್ಕೆ ಇತ್ತೀಚಿನ ಉದಾಹರಣೆಯೊಂದಿದೆ. ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಆಟಗಳು ನಡುವೆಯೇ ನಿಂತುಹೋಗುತ್ತಿದ್ದವು. ಎಷ್ಟೋ ಜನರಿಗೆ ಕಾಣುತ್ತಿದ್ದ ಸಂದೇಶ “ವಿಡಿಯೋ ಮೆಮೊರಿ ಸಾಲದು” ಎಂದು. ದೋಷವಿದ್ದದ್ದು ವಿಡಿಯೋ ಕಾರ್ಡಿನಲ್ಲಲ್ಲ, ಪ್ರೊಸೆಸರಿನಲ್ಲಿ. ಅದಕ್ಕೆ ಮಿತಿಮೀರಿದ ವೋಲ್ಟೇಜ್ ಹೋಗುತ್ತಿದ್ದುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಪರಿಹಾರದ ಮೈಕ್ರೋಕೋಡ್ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಸಂದೇಶವನ್ನು ಓದಿ ವಿಡಿಯೋ ಕಾರ್ಡ್ ಬದಲಿಸಿದ್ದರೆ ಹಣ ಹೋಗುತ್ತಿತ್ತು, ಕಾಯಿಲೆ ಉಳಿಯುತ್ತಿತ್ತು.

ಹಾಗಾದರೆ ಆ ಸಂಕೇತಗಳಿಂದ ಏನು ಪ್ರಯೋಜನ? ಒಂದೊಂದನ್ನೇ ನೋಡಿದರೆ ಅಷ್ಟಾಗಿ ಇಲ್ಲ, ಸಾಲಾಗಿ ಇಟ್ಟು ನೋಡಿದರೆ ಬಹಳ ಇದೆ. ಪ್ರತಿ ಸಲವೂ ಒಂದೇ ಸಂಕೇತ, ಒಂದೇ ಕೆಲಸ ಮಾಡುವಾಗ ಬಂದರೆ ಸಾಮಾನ್ಯವಾಗಿ ಯಾವುದೋ ಒಂದು ತಂತ್ರಾಂಶವೋ ಡ್ರೈವರೋ ಕಾರಣ. ಸಲಕ್ಕೊಂದು ಸಂಕೇತ, ಹೊತ್ತುಗೊತ್ತಿಲ್ಲದೆ ಬಂದರೆ ರ‍್ಯಾಮ್ ಮೇಲೆ ಅನುಮಾನ ಬಲವಾಗುತ್ತದೆ. ಕರಿಹಲಗೆಯ ಯಾವುದೋ ಮೂಲೆಯಲ್ಲಿ ಬರೆದ ಅಂಕಿ ತಾನಾಗಿಯೇ ಬದಲಾಗುತ್ತಿದ್ದರೆ, ಆ ಹೊತ್ತು ಅಲ್ಲಿ ಯಾವ ಲೆಕ್ಕವಿತ್ತೋ ಅದು ತಪ್ಪುತ್ತದೆಯಲ್ಲವೇ? ಇವತ್ತು ಕೂಡುವ ಲೆಕ್ಕ, ನಾಳೆ ಭಾಗಾಕಾರ. ತಪ್ಪಿದ್ದು ಲೆಕ್ಕವಲ್ಲ, ಹಲಗೆ.

ರ‍್ಯಾಮ್ ಕೆಡುವುದು ಅಪರೂಪವೆಂದು ಭಾವಿಸುವವರಿದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ತಜ್ಞರು 2009ರಲ್ಲಿ ಗೂಗಲ್ ಸರ್ವರುಗಳ ಅಧ್ಯಯನವನ್ನು ಪ್ರಕಟಿಸಿದರು. ವರ್ಷವೊಂದರಲ್ಲಿ ಶೇ. 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ದೋಷ ಕಂಡುಬಂದಿತ್ತು. ಆ ಸರ್ವರುಗಳಲ್ಲಿ ಇಂತಹ ತಪ್ಪನ್ನು ಹಿಡಿದು ತಿದ್ದುವ ಏರ್ಪಾಡು ಇರುತ್ತದೆ. ನಮ್ಮ ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಅಕ್ಕನ ಮನೆಯ ಯಂತ್ರದ ವಿಷಯದಲ್ಲಿ ನೋಟ್ ಪುಸ್ತಕವನ್ನು ಅಕ್ಕನೇ ಹದಿನಾಲ್ಕು ದಿನ ಬರೆದಳು. ಐದು ಸಲ ನಿಂತಿತ್ತು. ಐದೂ ಸಲ ನೀಲಿ ಪರದೆ, ನಾಲ್ಕು ಬೇರೆ ಬೇರೆ ಸಂಕೇತಗಳು, ಒಮ್ಮೆಯೂ ಕರೆಂಟು ಮಿಟುಕಿಸಿರಲಿಲ್ಲ. ಆ ಒಂದು ಪುಟವೇ ವಿದ್ಯುತ್ತನ್ನು ಪಟ್ಟಿಯ ಕೆಳಗೆ ಇಳಿಸಿ ರ‍್ಯಾಮನ್ನು ಮೇಲಕ್ಕೆ ತಂದಿತು. ಅದರಲ್ಲಿ 4 ಜಿ.ಬಿ.ಯ ಎರಡು ಪಟ್ಟಿಗಳಿದ್ದವು. ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ರಬ್ಬರಿನಿಂದ ಒರೆಸಿ ಕೂರಿಸಿದರೂ ಗುಣವಾಗಲಿಲ್ಲ. ಆಮೇಲೆ ಮೆಮ್‌ಟೆಸ್ಟ್86 ಎಂಬ ಉಚಿತ ಪರೀಕ್ಷೆಯನ್ನು ಪೆನ್ ಡ್ರೈವಿನಿಂದ ರಾತ್ರಿಯಿಡೀ ಓಡಿಸಿದೆವು. 1994ರಲ್ಲಿ ಕ್ರಿಸ್ ಬ್ರಾಡಿ ಎಂಬವರು ಬರೆದ ಈ ತಂತ್ರಾಂಶ, ರ‍್ಯಾಮಿನ ಕೋಣೆಕೋಣೆಗೂ ಏನನ್ನೋ ಬರೆದು ಮತ್ತೆ ಓದಿ, ಬರೆದದ್ದೂ ಓದಿದ್ದೂ ಒಂದೇ ಎಂಬುದನ್ನು ತಾಳೆ ನೋಡುತ್ತದೆ. ಇದರಲ್ಲಿ ಶೇ. 35 ಪಡೆದರೆ ಪಾಸು ಎಂಬ ನಿಯಮವಿಲ್ಲ. ಒಂದೇ ಒಂದು ತಪ್ಪು ಬಂದರೂ ಅನುತ್ತೀರ್ಣ. ಬೆಳಗ್ಗೆ ನೋಡಿದಾಗ ಪರದೆಯ ತುಂಬ ಕೆಂಪು ಸಾಲುಗಳು.

ಆದರೆ ಕೆಟ್ಟದ್ದು ಎರಡು ಪಟ್ಟಿಗಳಲ್ಲಿ ಯಾವುದು? ಅಥವಾ ಪಟ್ಟಿ ಕೂರುವ ಸ್ಲಾಟೇ ಕೆಟ್ಟಿದೆಯೇ? ಇಲ್ಲಿ ಆತುರಪಟ್ಟರೆ ಕೆಲಸ ಕೆಡುತ್ತದೆ. ಬಲ್ಬು, ಸೆಲ್ಲು, ತಂತಿಯ ಪ್ರಯೋಗವನ್ನು ನೆನಪಿಸಿಕೊಳ್ಳಿ. ಬಲ್ಬು ಹತ್ತದಿದ್ದಾಗ ಕೆಲವರು ಬಲ್ಬನ್ನೂ ಸೆಲ್ಲನ್ನೂ ಒಟ್ಟಿಗೆ ಬದಲಿಸಿ, “ಹತ್ತಿತು ಸಾರ್!” ಎಂದು ಕೂಗುತ್ತಿದ್ದರು. “ಕೆಟ್ಟದ್ದು ಯಾವುದು?” ಎಂದರೆ ಉತ್ತರವಿರುತ್ತಿರಲಿಲ್ಲ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ನಾವು ನಾಲ್ಕು ರಾತ್ರಿ ನಾಲ್ಕು ಪರೀಕ್ಷೆ ಮಾಡಿದೆವು: ಮೊದಲ ಪಟ್ಟಿ ಮೊದಲ ಸ್ಲಾಟಿನಲ್ಲಿ, ಅದೇ ಪಟ್ಟಿ ಎರಡನೆಯ ಸ್ಲಾಟಿನಲ್ಲಿ, ಎರಡನೆಯ ಪಟ್ಟಿ ಮೊದಲ ಸ್ಲಾಟಿನಲ್ಲಿ, ಅದೇ ಪಟ್ಟಿ ಎರಡನೆಯದರಲ್ಲಿ. ಮೊದಲ ಪಟ್ಟಿ ಎಲ್ಲಿ ಕೂತರೂ ನಿರ್ದೋಷಿ, ಎರಡನೆಯದು ಎಲ್ಲಿ ಕೂತರೂ ತಪ್ಪಿತಸ್ಥ. ಸ್ಲಾಟುಗಳೆರಡೂ ಸರಿ. ಸಂಶಯಕ್ಕೆ ಎಡೆಯಿಲ್ಲದ ತೀರ್ಮಾನವೆಂದರೆ ಇದು. (ಪಟ್ಟಿಯನ್ನು ಮುಟ್ಟುವ ಮೊದಲು ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನೊಮ್ಮೆ ಮುಟ್ಟಬೇಕು. ಮೈಯ ಸ್ಥಾಯೀ ವಿದ್ಯುತ್ತು ಅದನ್ನು ಕೆಡಿಸೀತು.)

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಗುಣವಾಯಿತೆಂದು ಎಷ್ಟು ದಿನ ಕಾದು ಹೇಳಬೇಕು? ನಮ್ಮ ಜನ ಎಡವುವುದು ಹೆಚ್ಚಾಗಿ ಇಲ್ಲೇ. ಫಾರ್ಮ್ಯಾಟ್ ಆದ ಮೇಲೆ ಅಕ್ಕನ ಯಂತ್ರ ನಾಲ್ಕು ದಿನ ಸುಮ್ಮನಿತ್ತಲ್ಲ, ಆ ನಾಲ್ಕು ದಿನವೂ ಎಲ್ಲರೂ “ಸರಿಹೋಯಿತು” ಎಂದೇ ನಂಬಿದ್ದರು. ಲೆಕ್ಕ ಹಾಕಿ ನೋಡೋಣ. ಸರಾಸರಿ ಮೂರು ದಿನಕ್ಕೊಮ್ಮೆ, ಕ್ರಮವಿಲ್ಲದೆ ನಿಲ್ಲುವ ಯಂತ್ರವೊಂದಿದೆಯೆನ್ನಿ. ಯಾವ ರಿಪೇರಿಯನ್ನೂ ಮಾಡದೆಯೇ ಅದು ಕೇವಲ ಅದೃಷ್ಟದಿಂದ ಮೂರು ದಿನ ನಿಲ್ಲದೆ ಓಡುವ ಸಂಭವ ನೂರಕ್ಕೆ ಸುಮಾರು 37. ಐದು ದಿನಕ್ಕೆ ಸುಮಾರು 19. ಆರು ದಿನಕ್ಕೆ 14ರಷ್ಟು. ಒಂಬತ್ತು ದಿನಕ್ಕೆ ಬಂದಾಗ ಅದು 5ಕ್ಕೆ ಇಳಿಯುತ್ತದೆ. ಆದ್ದರಿಂದ ನಿಯಮ ಸುಲಭ: ಎಷ್ಟು ದಿನಕ್ಕೊಮ್ಮೆ ನಿಲ್ಲುತ್ತಿತ್ತೋ ಅದರ ಮೂರು ಪಟ್ಟು ದಿನ ನಿಲ್ಲದೆ ಓಡಿದರೆ ಮಾತ್ರ ಔಷಧ ಫಲಿಸಿತೆಂದು ನಂಬಬಹುದು. ಅದಕ್ಕೆ ಮೊದಲಿನ ನೆಮ್ಮದಿ ಕಾಕತಾಳೀಯವಿರಬಹುದು. ಹರಕೆಯಿಂದ ಜ್ವರ ಬಿಟ್ಟಿತೆನ್ನುವವರಿಗೂ ಫಾರ್ಮ್ಯಾಟಿನಿಂದ ಸರಿಹೋಯಿತೆನ್ನುವವರಿಗೂ ಈ ಒಂದು ಲೆಕ್ಕದ ಕೊರತೆಯಿದೆ. ಅಕ್ಕನ ಯಂತ್ರವನ್ನು ಒಂದೇ ಪಟ್ಟಿಯಲ್ಲಿ ಹತ್ತು ದಿನ ಓಡಿಸಿ, ನಿಲ್ಲಲಿಲ್ಲವೆಂದು ಖಚಿತವಾದ ಮೇಲೆಯೇ ಹೊಸ ಪಟ್ಟಿಯನ್ನು ತಂದು ಹಾಕಿದೆವು. ಎಂಟು ತಿಂಗಳಾಯಿತು, ಒಮ್ಮೆಯೂ ನಿಂತಿಲ್ಲ.

“ಇಷ್ಟೆಲ್ಲ ತಾಳ್ಮೆ ಯಾರಿಗಿದೆ ಸಾರ್?” ಎಂದು ನೀವು ಕೇಳಬಹುದು. ತಾಳ್ಮೆಯಿದ್ದ ಒಬ್ಬ ಮೇಷ್ಟರ ಕಥೆ ಹೇಳುತ್ತೇನೆ. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರಿದ್ದರು. ಅವಳಿ ಅವಿಭಾಜ್ಯ ಸಂಖ್ಯೆಗಳ, ಅಂದರೆ 11 ಮತ್ತು 13ರಂತಹ ಜೋಡಿಗಳ, ವ್ಯುತ್ಕ್ರಮಗಳನ್ನು ಕೂಡುವ ಲೆಕ್ಕವನ್ನು ಹಲವು ಕಂಪ್ಯೂಟರುಗಳಲ್ಲಿ ಮಾಡಿಸುತ್ತಿದ್ದರು. 1994ರಲ್ಲಿ ಆ ಗುಂಪಿಗೆ ಪೆಂಟಿಯಂ ಯಂತ್ರವೊಂದು ಸೇರಿದ ಮೇಲೆ ಉತ್ತರಗಳು ತಾಳೆಯಾಗಲಿಲ್ಲ. ಅವರು ಯಂತ್ರವನ್ನು ಮೂಲೆಗೆ ತಳ್ಳಲಿಲ್ಲ. ತಮ್ಮದೇ ಪ್ರೋಗ್ರಾಮ್ ತಪ್ಪಿರಬಹುದೇ, ಕಂಪೈಲರ್ ಇರಬಹುದೇ, ಮದರ್‌ಬೋರ್ಡ್ ಇರಬಹುದೇ ಎಂದು ಒಂದೊಂದನ್ನೇ ತಳ್ಳಿಹಾಕುತ್ತಾ ತಿಂಗಳುಗಟ್ಟಲೆ ಪರೀಕ್ಷಿಸಿದರು. ಅಕ್ಟೋಬರಿನ ಹೊತ್ತಿಗೆ ಉಳಿದ ಆರೋಪಿ ಒಂದೇ: ಪೆಂಟಿಯಂ ಚಿಪ್ಪಿನ ಭಾಗಾಕಾರ. ಇಂಟೆಲ್ ಆ ವರ್ಷದ ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿತು. ಅದಕ್ಕಾಗಿ 47.5 ಕೋಟಿ ಡಾಲರ್ ವೆಚ್ಚವನ್ನು ತನ್ನ ಲೆಕ್ಕದಲ್ಲಿ ತೋರಿಸಬೇಕಾಯಿತು. ಇಷ್ಟು ದೊಡ್ಡ ಕಂಪನಿಯನ್ನು ಮಣಿಸಿದ್ದು ‘ಇದಲ್ಲದಿದ್ದರೆ ಮತ್ತೇನು?’ ಎಂದು ಬಿಡದೆ ಕೇಳಿದ ಒಬ್ಬ ಗಣಿತದ ಮೇಷ್ಟರ ಅಭ್ಯಾಸ.

ಫಾರ್ಮ್ಯಾಟ್ ಎಂದೂ ಬೇಡವೆಂದು ನಾನು ವಾದಿಸುತ್ತಿಲ್ಲ. ವೈರಸ್ ಆಳವಾಗಿ ಹೊಕ್ಕಿದ್ದರೆ, ವಿಂಡೋಸಿನ ಕಡತಗಳು ನಿಜಕ್ಕೂ ಹಾಳಾಗಿದ್ದರೆ, ಅದೇ ಸರಿಯಾದ ಮದ್ದು. ಎಲ್ಲಕ್ಕೂ ರ‍್ಯಾಮೇ ಕಾರಣವೆಂದು ಹೊರಟರೆ ಅದೂ ಇನ್ನೊಂದು ಮೂಢನಂಬಿಕೆ. 2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ದೋಷಯುಕ್ತ ಅಪ್‌ಡೇಟ್. ಅಂದು ರ‍್ಯಾಮ್ ಬದಲಿಸಿದ್ದರೂ ಉಪಯೋಗವಿರಲಿಲ್ಲ, ಫಾರ್ಮ್ಯಾಟಿನ ಅಗತ್ಯವೂ ಇರಲಿಲ್ಲ. ಸೇಫ್ ಮೋಡಿನಲ್ಲಿ ತೆರೆದು ಆ ಒಂದು ಕಡತವನ್ನು ಅಳಿಸಿದರೆ ಸಾಕಿತ್ತು. ಕಾರಣ ತಿಳಿದಾಗ ಮದ್ದು ಎಷ್ಟು ಚಿಕ್ಕದು ನೋಡಿ!

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ರೂಢಿ ಕಂಪ್ಯೂಟರಿಗಷ್ಟೇ ಸೀಮಿತವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮೋಟಾರ್ ಪಂಪು, ಮಿಕ್ಸಿ, ಕೊನೆಗೆ ಮನುಷ್ಯನ ಮೈ ಎಲ್ಲದರಲ್ಲೂ ‘ಬೇಗ ಸರಿಮಾಡಿ’ ಎನ್ನುತ್ತೇವೆಯೇ ಹೊರತು ‘ಏನಾಗಿದೆ?’ ಎನ್ನುವುದಿಲ್ಲ. ಇನ್ನು ಮುಂದೆ ರಿಪೇರಿಗೆ ಕೊಟ್ಟಾಗ ಎರಡು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಿ: “ಕಾರಣ ಏನು?” ಮತ್ತು “ಅದು ನಿಮಗೆ ಹೇಗೆ ಗೊತ್ತಾಯಿತು?” ಎರಡನೆಯದಕ್ಕೆ ಉತ್ತರ ಸಿಗುವವರೆಗೆ ಏನನ್ನೂ ಅಳಿಸಲು ಒಪ್ಪಬೇಡಿ. ಊರಿಂದ ದೂರವಿರುವ ನನ್ನ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಮುಂದಿನ ಸಲ ಮನೆಗೆ ಹೋದಾಗ ತಂದೆತಾಯಿಯರ ಕಂಪ್ಯೂಟರಿನಲ್ಲಿ ಏನಿದೆಯೆಂದು ಕುಳಿತು ನೋಡಿ, ಅದಕ್ಕೊಂದು ಪ್ರತಿ ಮಾಡಿಡಿ. ಅದು ಅರ್ಧ ದಿನದ ಕೆಲಸ.

ಬಂಧುಗಳಲ್ಲಿ ಒಂದು ಕೋರಿಕೆ. ಭಾವ ಆ ವಂಶಾವಳಿಯ ಕೆಲವು ಪುಟಗಳನ್ನು ಆಗಾಗ ಮುದ್ರಿಸಿ ಮದುವೆ ಮುಂಜಿಗಳಲ್ಲಿ ಹಂಚುತ್ತಿದ್ದರು. ಯಾರ ಮನೆಯ ಪೆಟ್ಟಿಗೆಯಲ್ಲಾದರೂ, ಹಳೆಯ ಇ-ಮೇಲಿನಲ್ಲಾದರೂ ಒಂದು ಹಾಳೆ ಉಳಿದಿದ್ದರೆ ದಯವಿಟ್ಟು ಅಕ್ಕನಿಗೆ ತಲುಪಿಸಿ. ಅಕ್ಕ ಈಗ ನುಡಿಯಲ್ಲಿ ಟೈಪು ಮಾಡುವುದನ್ನು ಕಲಿಯುತ್ತಿದ್ದಾಳೆ. ನೆನಪಿರುವಷ್ಟನ್ನು ಮೊದಲಿನಿಂದ ಬರೆಯಲು ಕುಳಿತಿದ್ದಾಳೆ, ಯಂತ್ರವೂ ಈಗ ಸುಮ್ಮನೆ ಕೆಲಸ ಮಾಡುತ್ತಿದೆ.